ಎಂಬತ್ತು ರೂಪಾಯಿಯ ಗೇಟರ್: ದಾವಣಗೆರೆಯ ಒಂದು ಸೈಕಲ್ ಟೈರಿನ ಪ್ರಕರಣ

ಹಾಳಾದದ್ದು ಹಿಂದಿನ ಚಕ್ರದ ಟೈರು. ಅಳತೆ 28 × 1½. ಹಾಕಿಸಿ ಎರಡು ವರ್ಷ ಮೂರು ತಿಂಗಳಾಗಿತ್ತು. ಬೆಲೆ 380 ರೂಪಾಯಿ. ಬಿಲ್ಲು ಈಗಲೂ ನನ್ನ ಹತ್ತಿರ ಇದೆ. ಮಂಡಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು ನಾನು. ಬಿಲ್ಲು ಬಿಸಾಡಿದರೆ ಅವತ್ತು ನಿದ್ದೆ ಬರುವುದಿಲ್ಲ.

ರಿಪೇರಿ ಮಾಡಿಸುವುದೋ, ಹೊಸದು ಹಾಕಿಸುವುದೋ? ಇದೇನು ದೊಡ್ಡ ವಿಷಯ ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಈ ಒಂದು ಟೈರಿನ ಹಿಂದೆ ಹತ್ತೊಂಬತ್ತು ದಿನ ಒದ್ದಾಡಿದೆ. ನಡುವೆ ಒಂದು ಸಲ ಮಗಳ ಮುಂದೆ ತಲೆ ತಗ್ಗಿಸುವ ಹಾಗೂ ಆಯಿತು. ಅದಕ್ಕೇ ನಡೆದದ್ದನ್ನೆಲ್ಲ ಬರೆದಿಡುತ್ತಿದ್ದೇನೆ.

ಸೈಕಲ್ ಅಪ್ಪನದು. ಕರಿ ಬಣ್ಣ, ರಾಡ್ ಬ್ರೇಕು, ಹಿಂದೆ ಅಗಲವಾದ ಕ್ಯಾರಿಯರ್. ವಿದ್ಯಾನಗರದ ಮನೆಯಿಂದ ಅಂಗಡಿಗೆ ನಾಲ್ಕು ಕಿಲೋಮೀಟರ್. ಹೋಗಿ ಬಂದರೆ ಎಂಟು. ದಾವಣಗೆರೆ ಸಮತಟ್ಟು ಊರು. ಬೇಸಿಗೆಯ ಬಿಸಿಲೊಂದನ್ನು ಬಿಟ್ಟರೆ ಸೈಕಲ್ ತುಳಿಯುವುದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಭಾನುವಾರ ಬೆಳಿಗ್ಗೆ ಮಗಳನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಕುಂದವಾಡ ಕೆರೆಗೆ ಹೋಗುವುದು ನಮ್ಮ ರೂಢಿ. ಅವಳಿಗೆ ಒಂಬತ್ತು ವರ್ಷ, ತೂಕ 24 ಕೆಜಿ. ಈ ತೂಕ ಮುಂದೆ ಲೆಕ್ಕಕ್ಕೆ ಬರುತ್ತದೆ.

ಹದಡಿ ರಸ್ತೆಯ ಜೆಲ್ಲಿ ಕಲ್ಲು

ಜುಲೈ ತಿಂಗಳ ಒಂದು ಬುಧವಾರ. ಮಧ್ಯಾಹ್ನದಿಂದ ಜಿಟಿಜಿಟಿ ಮಳೆ. ಸಂಜೆ ಹದಡಿ ರಸ್ತೆಯಲ್ಲಿ ಬರುತ್ತಿದ್ದೆ. ಪೈಪಿಗೆಂದು ಅಗೆದು ಮುಚ್ಚಿದ ಒಂದು ಜಾಗ, ಮೇಲೆ ಜೆಲ್ಲಿ ಸುರಿದು ಹಾಗೇ ಬಿಟ್ಟಿದ್ದರು. ನೀರು ನಿಂತು ಕಲ್ಲು ಕಾಣುತ್ತಿರಲಿಲ್ಲ. ಚಕ್ರ ಜಾರಿ ಒಂದು ಕಲ್ಲಿನ ಅಂಚಿಗೆ ಉಜ್ಜಿತು. ಒಣ ರಬ್ಬರಿಗಿಂತ ಒದ್ದೆ ರಬ್ಬರನ್ನು ಕೊಯ್ಯುವುದು ಸುಲಭ. ನೀರು ಎಣ್ಣೆ ಹಚ್ಚಿದ ಹಾಗೆ ಕೆಲಸ ಮಾಡುತ್ತದೆ, ಚೂಪಾದದ್ದು ಸಲೀಸಾಗಿ ಒಳಗೆ ಇಳಿಯುತ್ತದೆ. ಮಳೆಗಾಲದಲ್ಲಿ ಪಂಕ್ಚರ್ ಜಾಸ್ತಿ ಆಗುವುದಕ್ಕೆ ಇದೂ ಒಂದು ಕಾರಣ.

ವಿಚಿತ್ರ ಅಂದರೆ ಗಾಳಿ ಹೋಗಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಚಕ್ರದ ಪಕ್ಕದ ಪೈಪಿಗೆ ಏನೋ ತಾಗಿ ಸರಕ್ ಸರಕ್ ಅಂತ ಸದ್ದು ಬಂತು. ಇಳಿದು ನೋಡಿದೆ. ಟೈರಿನ ಪಕ್ಕೆ ಸೀಳಿ, ಒಳಗಿನ ಟ್ಯೂಬು ಮಳೆಗಾಲದ ಕಪ್ಪೆಯ ಗಂಟಲಿನ ಹಾಗೆ ಉಬ್ಬಿ ಹೊರಗೆ ಬಂದಿತ್ತು. ತಕ್ಷಣ ವಾಲ್ವಿನ ತಿರುಪು ಸಡಿಲಿಸಿ ಗಾಳಿ ಬಿಟ್ಟೆ. ಆ ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿದೆ ಅನ್ನಬೇಕು. ಇನ್ನು ಹತ್ತು ಗಜ ಹೋಗಿದ್ದರೆ ಟ್ಯೂಬೂ ಸಿಡಿಯುತ್ತಿತ್ತು.

ಮನೆಗೆ ತಳ್ಳಿಕೊಂಡು ಬಂದು ರಾತ್ರಿ ಸ್ಕೇಲ್ ಇಟ್ಟು ಅಳೆದೆ. ಸೀಳು 14 ಮಿಲಿಮೀಟರ್. ನೆಲಕ್ಕೆ ತಾಗುವ ಭಾಗಕ್ಕೂ ರಿಮ್ಮಿಗೂ ನಡುವೆ, ಓರೆಯಾಗಿ. ಹೊರಗಿನಿಂದ ನೋಡಿದರೆ ಬ್ಲೇಡಿನಲ್ಲಿ ಎಳೆದ ಗೆರೆಯಷ್ಟೇ.

ಬೆಳಿಗ್ಗೆ ಹಿತ್ತಲಲ್ಲಿದ್ದ ಯೂರಿಯಾ ಚೀಲದ ಒಂದು ತುಂಡು ಕತ್ತರಿಸಿ, ನಾಲ್ಕು ಮಡಿಕೆ ಮಾಡಿ, ಟೈರಿಗೂ ಟ್ಯೂಬಿಗೂ ನಡುವೆ ಸೀಳಿನ ಜಾಗಕ್ಕೆ ಇಟ್ಟೆ. ಅರ್ಧ ಗಾಳಿ ಹಾಕಿದೆ. ಕಪ್ಪೆ ಹೊರಗೆ ಬರಲಿಲ್ಲ. ಮೆಲ್ಲಗೆ ತುಳಿದುಕೊಂಡು ಪೇಟೆಗೆ ಹೋದೆ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಕೈಗೆ ಸಿಕ್ಕಿದ್ದನ್ನು ತುರುಕಿದ್ದೆ. ಯೂರಿಯಾ ಚೀಲವೇ ಏಕೆ ಕೆಲಸ ಮಾಡಿತು ಅನ್ನುವುದು ಆಮೇಲೆ ಗೊತ್ತಾಯಿತು.

28 ಅಂದರೆ ಯಾವ 28?

ಆ ಹೊತ್ತಿಗೆ ನಾನು ತೀರ್ಮಾನ ಮಾಡಿಯಾಗಿತ್ತು: ಹೊಸ ಟೈರು ಹಾಕಿಸಿ ಕೈ ತೊಳೆದುಕೊಳ್ಳುವುದು. ದಾರಿಯಲ್ಲಿ ಸಿಕ್ಕ ದೊಡ್ಡ ಸೈಕಲ್ ಅಂಗಡಿಗೆ ಹೋಗಿ "28 ಇಂಚಿನ ಟೈರು ಕೊಡಿ" ಅಂದೆ. ಹುಡುಗ ಮರುಮಾತಿಲ್ಲದೆ ಒಂದು ಟೈರು ತೆಗೆದುಕೊಟ್ಟ. ಅದನ್ನು ಹೆಗಲಿಗೆ ಹಾಕಿಕೊಂಡು ಅಶೋಕ ರಸ್ತೆಗೆ ಸೇರುವ ಓಣಿಯಲ್ಲಿರುವ ನಮ್ಮ ಹಳೆಯ ಪಂಕ್ಚರ್ ಅಂಗಡಿಗೆ ಹೋದೆ.

ಅಂಗಡಿಯ ಅಜ್ಜನಿಗೆ ಎಪ್ಪತ್ತರ ಮೇಲೆ ವಯಸ್ಸು. ಟೈರನ್ನು ಕೈಗೆ ತೆಗೆದುಕೊಂಡು, ಕನ್ನಡಕ ಹಣೆಗೆ ಏರಿಸಿ, ಪಕ್ಕದಲ್ಲಿ ಬರೆದ ಸಂಖ್ಯೆ ಓದಿದರು. "ಇದು ಆ 28 ಅಲ್ಲ ಕಣ್ರಿ" ಅಂದರು.

ಅಲ್ಲಿಯವರೆಗೆ 28 ಅಂದರೆ 28 ಅಂತಲೇ ತಿಳಿದಿದ್ದೆ. ಹಾಗಲ್ಲವಂತೆ. 28 ಅನ್ನುವುದು ಗಾಳಿ ತುಂಬಿದ ಟೈರಿನ ಹೊರಗಿನ ಅಳತೆ, ಅದೂ ಅಂದಾಜು. ರಿಮ್ಮಿಗೆ ಕೂರುವ ಜಾಗದ ಅಳತೆ ಬೇರೆ. ಅಪ್ಪನ ಕಾಲದ ಕರಿ ಸೈಕಲ್ಲಿನ 28 × 1½ ಟೈರು ಕೂರುವ ಜಾಗದ ವ್ಯಾಸ 635 ಮಿಲಿಮೀಟರ್. ಈಗಿನ ಗೇರ್ ಸೈಕಲ್ಲುಗಳಿಗೆ ಬರುವ 700ಸಿ ಟೈರನ್ನೂ 28 ಅನ್ನುತ್ತಾರೆ, ಆದರೆ ಅದರದು 622. ನಡುವೆ 13 ಮಿಲಿಮೀಟರ್ ವ್ಯತ್ಯಾಸ. ಅಂಚಿನಲ್ಲಿ ಉಕ್ಕಿನ ತಂತಿ ಇರುವ ಟೈರು ಅಷ್ಟು ಹಿಗ್ಗುವುದಿಲ್ಲ. ಟೈರು ಎಬ್ಬಿಸುವ ಸ್ಪೂನ್ ಹಾಕಿ ಎಷ್ಟು ಮೀಟಿದರೂ ಟ್ಯೂಬಿಗೆ ಗಾಯ, ಕೈಗೆ ಗಾಯ, ಅಷ್ಟೇ.

ಹಾಗಾದರೆ ಸರಿಯಾದದ್ದನ್ನು ಕೇಳುವುದು ಹೇಗೆ? ಟೈರಿನ ಪಕ್ಕದಲ್ಲಿ ಇಂಚಿನ ಅಳತೆಯ ಹತ್ತಿರ ಸಣ್ಣದಾಗಿ ಇನ್ನೊಂದು ಜೋಡಿ ಸಂಖ್ಯೆ ಇರುತ್ತದೆ. ನನ್ನದರಲ್ಲಿ 40-635. ಮೊದಲನೆಯದು ಅಗಲ, ಎರಡನೆಯದು ಕೂರುವ ವ್ಯಾಸ. ಅಗಲ ಒಂದೆರಡು ಮಿಲಿಮೀಟರ್ ಆಚೀಚೆ ಆದರೆ ನಡೆಯುತ್ತದೆ. ಎರಡನೆಯ ಸಂಖ್ಯೆ ಮಾತ್ರ ಅದೇ ಇರಬೇಕು. 26 ಇಂಚಿನಲ್ಲೂ ಇದೇ ಗೋಳು. 26 × 1⅜ ಅಂದರೆ 590. 26 × 1.75 ಅಂದರೆ 559. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

ಟೈರನ್ನು ವಾಪಸ್ ಕೊಟ್ಟೆ. ಬಿಲ್ಲು ಇತ್ತಲ್ಲ, ಗೊಣಗಿಕೊಂಡೇ ದುಡ್ಡು ಕೊಟ್ಟರು. 635ರ ಟೈರು ಅಲ್ಲಿರಲಿಲ್ಲ. ಅಜ್ಜನ ಹತ್ತಿರವೂ ಖಾಲಿ, ಶನಿವಾರ ಬರುತ್ತದೆ ಅಂದರು. ಅವತ್ತು ಗುರುವಾರ. ಆಗ ರಿಪೇರಿಯ ಮಾತು ಬಂತು.

ಹಾಸು ಉಂಟು, ಹೊಕ್ಕಿಲ್ಲ

ಅಜ್ಜ ಮೊದಲು ಹತ್ತಿ ಗಿರಣಿಯಲ್ಲಿದ್ದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ಅದು. ಗಿರಣಿಯ ಸೈರನ್ ಕೇಳಿ ಜನ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು ಅಂತ ನಮ್ಮಪ್ಪ ಹೇಳುತ್ತಿದ್ದರು. ಗಿರಣಿ ಮುಚ್ಚಿದ ಮೇಲೆ ಈ ಅಜ್ಜ ಪಂಕ್ಚರ್ ಅಂಗಡಿ ಹಾಕಿದರು. ನನಗಿಂತ ಜಾಸ್ತಿ ಮಾತಾಡುವ ಮನುಷ್ಯ. ಆದರೆ ಟೈರನ್ನು ಒಳಗೆ ಹೊರಗೆ ಮಾಡಿ ಬಿಸಿಲಿಗೆ ಹಿಡಿದಾಗ ಸುಮ್ಮನಾದರು. ಸೀಳಿನ ಎರಡು ಕಡೆ ಹೆಬ್ಬೆರಳಿಟ್ಟು ಬಗ್ಗಿಸಿದರು. ಬಾಯಿ ತೆರೆದ ಹಾಗೆ ತೆರೆಯಿತು. ಒಳಗೆ ಬಿಳಿ ಎಳೆಗಳ ತುದಿ ಕಾಣುತ್ತಿತ್ತು.

"ರಬ್ಬರ್ ನೋಡಬ್ಯಾಡ್ರಿ. ನೂಲು ನೋಡ್ರಿ. ನೂಲು ಹೋಗೇತಿ."

ಟೈರು ಅಂದರೆ ರಬ್ಬರ್ ಅಂತ ನಾವು ಅಂದುಕೊಂಡಿರುತ್ತೇವೆ. ಅಜ್ಜನ ಪ್ರಕಾರ ಟೈರು ಅಂದರೆ ಬಟ್ಟೆ. ರಬ್ಬರ್ ಅದಕ್ಕೆ ಹಚ್ಚಿದ ಲೇಪ. ಯೋಚಿಸಿದರೆ ಅದೇ ನಿಜ. ಗಾಳಿಯನ್ನು ಹಿಡಿದಿಡುವುದು ಟ್ಯೂಬು. ಆದರೆ ಟ್ಯೂಬಿಗೆ ಒತ್ತಡ ತಾಳುವ ಶಕ್ತಿ ಇಲ್ಲ, ಹೊರಗೆ ತೆಗೆದು ಪಂಪ್ ಹೊಡೆದರೆ ಬಲೂನಿನ ಹಾಗೆ ಊದುತ್ತಾ ಹೋಗುತ್ತದೆ. ಅದನ್ನು ಒಂದು ಅಳತೆಯಲ್ಲಿ ಕಟ್ಟಿ ನಿಲ್ಲಿಸುವುದು ಟೈರಿನೊಳಗಿನ ನೈಲಾನ್ ಎಳೆಗಳು. ನೆಲಕ್ಕೆ ತಾಗುವ ರಬ್ಬರಿನ ಕೆಲಸ ಸವೆಯುವುದು ಮತ್ತು ಹಿಡಿತ ಕೊಡುವುದು. ಪಕ್ಕೆಯ ರಬ್ಬರಿನ ಕೆಲಸ ಎಳೆಗಳನ್ನು ನೀರಿನಿಂದ, ಬಿಸಿಲಿನಿಂದ ಕಾಪಾಡುವುದು. ಭಾರ ಹೊರುವುದು ನೂಲು.

1888ರಲ್ಲಿ ಬೆಲ್‌ಫಾಸ್ಟಿನ ದನಗಳ ಡಾಕ್ಟರ್ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ಟೈರು ಮಾಡಿದಾಗಲೂ ರಬ್ಬರ್ ಕೊಳವೆಯ ಮೇಲೆ ಬಟ್ಟೆಯೇ ಸುತ್ತಿದ್ದ. ಶುರುವಿನಲ್ಲಿ ಮಾಮೂಲಿ ನೇಯ್ಗೆಯ ಕ್ಯಾನ್ವಾಸ್ ಹಾಕುತ್ತಿದ್ದರು. ಅದರಲ್ಲಿ ಒಂದು ತೊಂದರೆ ಇತ್ತು. ಚಕ್ರ ಉರುಳಿದಾಗೆಲ್ಲ ಉದ್ದಕ್ಕಿರುವ ಹಾಸಿನ ಎಳೆ, ಅಡ್ಡಕ್ಕೆ ಹೆಣೆದ ಹೊಕ್ಕಿನ ಎಳೆ ಒಂದನ್ನೊಂದು ಗರಗಸದ ಹಾಗೆ ಉಜ್ಜಿ ಕೊಯ್ದುಕೊಳ್ಳುತ್ತಿದ್ದವು. ಆಮೇಲೆ ಎಳೆಗಳನ್ನೆಲ್ಲ ಒಂದೇ ದಿಕ್ಕಿಗೆ ಇಟ್ಟು ರಬ್ಬರಿನಲ್ಲಿ ಅದ್ದಿ ಪದರ ಮಾಡಿದರು. ಒಂದು ಪದರ ಈ ಕಡೆ ಓರೆ, ಇನ್ನೊಂದು ಆ ಕಡೆ ಓರೆ. ನಡುವೆ ರಬ್ಬರ್. ಇದನ್ನು ಅಜ್ಜ ತಮ್ಮ ಗಿರಣಿಯ ಭಾಷೆಯಲ್ಲಿ ಒಂದೇ ಮಾತಿನಲ್ಲಿ ಹೇಳಿದರು: "ಹಾಸು ಉಂಟು, ಹೊಕ್ಕಿಲ್ಲ."

ಹೊಕ್ಕು ಇಲ್ಲದ್ದರಿಂದಲೇ ಮುಳ್ಳಿಗೂ ಕಲ್ಲಿಗೂ ಇಷ್ಟು ವ್ಯತ್ಯಾಸ. ನಮ್ಮ ಕಡೆ ಬಳ್ಳಾರಿ ಜಾಲಿ ಎಲ್ಲೆಂದರಲ್ಲಿ. ಹೊಲದ ದಾರಿಯಲ್ಲಿ ನೆಗ್ಗಿಲು ಮುಳ್ಳು ಬೇರೆ. ಮುಳ್ಳು ಚುಚ್ಚಿದಾಗ ಎಳೆಗಳು ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ. ಮುಳ್ಳು ಕಿತ್ತರೆ ಮತ್ತೆ ಕೂಡಿಕೊಳ್ಳುತ್ತವೆ. ಸಾಮಾನ್ಯವಾಗಿ ಎಳೆ ತುಂಡಾಗಿರುವುದಿಲ್ಲ. ಹಾಗಾಗಿ ಹತ್ತು ಸಲ ಪಂಕ್ಚರ್ ಆದ ಟೈರು ಕೂಡ ಗಟ್ಟಿಯಾಗಿಯೇ ಇರಬಹುದು. ಹತ್ತು ಪಂಕ್ಚರ್ ಆಯಿತು ಅಂತ ಟೈರು ಬಿಸಾಡುವವರನ್ನು ನೋಡಿದ್ದೇನೆ, ಸುಮ್ನೆ ದುಡ್ಡು ದಂಡ. ಆದರೆ ಕಲ್ಲಿನ ಅಂಚು, ಗಾಜು, ತಗಡು ಎಳೆಗಳನ್ನು ಅಡ್ಡಕ್ಕೆ ಕತ್ತರಿಸುತ್ತವೆ. ಕತ್ತರಿಸಿದ ಎಳೆಯ ಪಾಲಿನ ಎಳೆತವೆಲ್ಲ ಪಕ್ಕದ ಎಳೆಗಳ ಮೇಲೆ ಬೀಳುತ್ತದೆ.

ನೆಲಕ್ಕೆ ತಾಗುವ ಭಾಗದಲ್ಲಿ ಇಂಥ ಸಣ್ಣ ಸೀಳಾದರೆ ಅಷ್ಟು ಚಿಂತೆ ಇಲ್ಲವಂತೆ. ಅಲ್ಲಿ ರಬ್ಬರ್ ದಪ್ಪ, ಒಳಗಿನಿಂದ ಒಂದು ತೇಪೆ ಹಾಕಿದರೆ ತಿಂಗಳುಗಟ್ಟಲೆ ಬರುತ್ತದೆ. ಪಕ್ಕೆ ಹಾಗಲ್ಲ. ಅಲ್ಲಿ ರಬ್ಬರ್ ಕಾಗದದಷ್ಟು ತೆಳು. ಮೇಲಾಗಿ ಪ್ರತಿ ಸುತ್ತಿನಲ್ಲೂ ಟೈರು ಬಗ್ಗುವುದು ಅಲ್ಲೇ. ಇನ್ನು ರಿಮ್ಮಿನ ಅಂಚಿನ ತಂತಿಯೇ ಹೊರಗೆ ಬಂದರೆ ರಿಪೇರಿಯ ಮಾತೇ ಇಲ್ಲ.

"ಹೊಲಿಗೆ ಹಾಕಿದ್ರೆ?" ಅಂತ ಕೇಳಿದೆ. ಚಿಕ್ಕಂದಿನಲ್ಲಿ ದಪ್ಪ ದಾರದಲ್ಲಿ ಹೊಲಿದ ಟೈರುಗಳನ್ನು ನೋಡಿದ ನೆನಪು. ಅಜ್ಜ ಒಪ್ಪಲಿಲ್ಲ. ಹೊಲಿದರೆ ಸೂಜಿ ಹೋದಲ್ಲೆಲ್ಲ ಎಳೆಗೆ ಇನ್ನೊಂದು ಗಾಯ, ಒಳಗಿನ ದಾರದ ಗಂಟು ಟ್ಯೂಬನ್ನು ತಿನ್ನುತ್ತದೆ ಅನ್ನುವುದು ಅವರ ವಾದ. ಗೇಟರ್ ಹಾಕುತ್ತೇನೆ ಅಂದರು.

ಗೇಟರ್ ಅಂದರೆ ಹಳೆ ಟೈರಿನಿಂದ ಕತ್ತರಿಸಿದ ತುಂಡು. ಸೀಳಿನ ಸುತ್ತ ಎಲ್ಲ ಕಡೆ ಒಂದೊಂದು ಇಂಚು ಜಾಸ್ತಿ ಬರುವಷ್ಟು ದೊಡ್ಡದು. ಅವರು ತುಂಡಿನ ನಾಲ್ಕೂ ಅಂಚನ್ನು ಕತ್ತಿಯಲ್ಲಿ ಹೆರೆದು ರೊಟ್ಟಿಯ ಅಂಚಿನ ಹಾಗೆ ತೆಳ್ಳಗೆ ಮಾಡಿದರು. ಇಲ್ಲದಿದ್ದರೆ ಆ ಮೆಟ್ಟಿಲಿಗೆ ಟ್ಯೂಬು ಉಜ್ಜಿ ತೂತಾಗುತ್ತದೆ. ಎರಡೂ ಮೈಗೆ ಉಪ್ಪು ಕಾಗದ ಉಜ್ಜಿ, ಸಲೂಷನ್ ಹಚ್ಚಿ ಬಿಟ್ಟರು. ಒದ್ದೆ ಇದ್ದಾಗಲೇ ಅಂಟಿಸಿದರೆ ಹಿಡಿಯುವುದಿಲ್ಲ, ಬೆರಳಿಗೆ ಅಂಟದಷ್ಟು ಆರಬೇಕು. ಆರುವವರೆಗೆ ಎದುರಿನ ಗಾಡಿಯಿಂದ ಮಂಡಕ್ಕಿ ಮಿರ್ಚಿ ತರಿಸಿ ತಿಂದೆವು.

ಯೂರಿಯಾ ಚೀಲದ ತುಂಡನ್ನು ನೋಡಿ ಅಜ್ಜ ನಕ್ಕರು. ಆದರೆ ಬೈಯಲಿಲ್ಲ. ಅದೂ ಎಳೆಗಳಿಂದ ಆದದ್ದೇ ತಾನೆ? ಹಿಗ್ಗುವುದಿಲ್ಲ, ಎಳೆತ ತಾಳುತ್ತದೆ. ಅದರ ಬದಲು ಹಳೆ ಟ್ಯೂಬಿನ ತುಂಡು ಇಟ್ಟಿದ್ದರೆ ಅದೂ ಸೀಳಿನಿಂದ ಉಬ್ಬಿ ಹೊರಗೆ ಬರುತ್ತಿತ್ತು. ಆಗ ಒಂದಲ್ಲ, ಎರಡು ಕಪ್ಪೆ.

ಕೂಲಿ 80 ರೂಪಾಯಿ. ಹೊರಡುವಾಗ ಅಜ್ಜ ಎರಡು ಮಾತು ಹೇಳಿದರು. ಗಾಳಿ ಗಟ್ಟಿ ಹಾಕಬೇಡಿ. ಶನಿವಾರ ಬನ್ನಿ. ಮೊದಲನೆಯದನ್ನು ಪಾಲಿಸಿದೆ.

ಲೆಡ್ಜರಿನ ಹಿಂದಿನ ಪುಟ

ಅವತ್ತು ಮಧ್ಯಾಹ್ನ ಅಂಗಡಿಯಲ್ಲಿ ಕೆಲಸ ಕಮ್ಮಿ. ಹಳೆ ಲೆಡ್ಜರಿನ ಹಿಂದಿನ ಪುಟದಲ್ಲಿ ಲೆಕ್ಕ ಹಾಕಿದೆ.

ಎಲ್ಲರೂ ಮಾಡುವ ಲೆಕ್ಕ ಇದು: ರಿಪೇರಿಗೆ 80, ಹೊಸದಕ್ಕೆ 380. ಅಂದರೆ 300 ಉಳಿಯಿತು. ನಾನೂ ಖುಷಿಯಾಗಿಯೇ ಬರೆದೆ. ಬರೆದ ಮೇಲೆ ತಪ್ಪು ಕಾಣಿಸಿತು. ನಾನು 80 ರೂಪಾಯಿ ಕೊಟ್ಟು ಉಳಿಸಿಕೊಂಡದ್ದು ಹೊಸ ಟೈರನ್ನಲ್ಲ, ಎರಡೂಕಾಲು ವರ್ಷ ಓಡಿದ ಟೈರನ್ನು. ಹಿಂದಿನ ಚಕ್ರದಲ್ಲಿ ನನಗೆ ಒಂದು ಟೈರು ಮೂರು ವರ್ಷ ಬರುತ್ತದೆ. ಇದರ ಮೊದಲಿನ ಟೈರಿನ ಬಿಲ್ಲೂ ಇದೆ, ಹಾಗಾಗಿ ಇದು ಊಹೆಯಲ್ಲ. ಮೂರರಲ್ಲಿ ಎರಡೂಕಾಲು ಮುಗಿದಿದೆ. ಉಳಿದದ್ದು ಕಾಲು ಭಾಗ. 380ರ ಕಾಲು ಭಾಗ 95.

ಅಂದರೆ 95 ರೂಪಾಯಿಯ ಮಾಲು ಉಳಿಸಿಕೊಳ್ಳಲು 80 ಖರ್ಚು ಮಾಡಿದ್ದೇನೆ. ಅದೂ ಗೇಟರ್ ಇನ್ನು ಒಂಬತ್ತು ತಿಂಗಳು ಬಂದರೆ ಮಾತ್ರ. ಅಂಗಡಿಯ ಲೆಕ್ಕದಲ್ಲಿ ಪ್ರತಿ ವರ್ಷ ತಕ್ಕಡಿಗೂ ಫ್ಯಾನಿಗೂ ಸವಕಳಿ ಕಳೆಯುವವನು, ನನ್ನ ಸ್ವಂತ ಟೈರಿಗೆ ಸವಕಳಿ ಕಳೆಯುವುದನ್ನು ಮರೆತಿದ್ದೆ.

ಇದೇ ಸೀಳು ಆರು ತಿಂಗಳ ಟೈರಿಗೆ ಆಗಿದ್ದರೆ? ಉಳಿದ ಆಯಸ್ಸು ಆರರಲ್ಲಿ ಐದು ಭಾಗ, ಸುಮಾರು 317 ರೂಪಾಯಿ. ಆಗ 80 ಕೊಡುವುದಕ್ಕೆ ಅರ್ಥ ಇತ್ತು. ಹಾಗಂತ ಪಕ್ಕೆಯ ಗೇಟರ್ ಎರಡೂವರೆ ವರ್ಷ ಬರುತ್ತದೆ ಅಂತ ನಾನು ನಂಬುವುದಿಲ್ಲ. ಆದರೂ ಒಂದು ಕೈ ನೋಡಬಹುದಿತ್ತು.

ಆಮೇಲೆ ಇನ್ನೊಂದು ಲೆಕ್ಕ ಹಾಕಿದೆ. ಸೀಳಿನ ಜಾಗದಲ್ಲಿ ಎಳೆತ ಎಷ್ಟು? ಟೈರಿನ ಮೇಲೆ ಬರೆದ ಗಾಳಿ 50 ಪಿಎಸ್‌ಐ. ನಮ್ಮ ಅಳತೆಯಲ್ಲಿ ಚದರ ಸೆಂಟಿಮೀಟರಿಗೆ ಮೂರೂವರೆ ಕೆಜಿ. ಟೈರಿನ ಅಗಲ 4 ಸೆಂಟಿಮೀಟರ್, ಅರ್ಧ ಅಂದರೆ 2. ಕೊಳವೆಯ ಗೋಡೆಯ ಎಳೆತ ಬೇಕೆಂದರೆ ಒತ್ತಡವನ್ನು ಈ ಅರ್ಧ ಅಗಲದಿಂದ ಗುಣಿಸಬೇಕು: ಸೆಂಟಿಮೀಟರಿಗೆ 7 ಕೆಜಿ. ನನ್ನ ಸೀಳು 1.4 ಸೆಂಟಿಮೀಟರ್. ಹತ್ತಿರ ಹತ್ತಿರ 10 ಕೆಜಿ. ಎಳೆಗಳು ಓರೆ ಇರುವುದರಿಂದ ಇದು ಸ್ಥೂಲ ಲೆಕ್ಕ, ಒಪ್ಪಿಕೊಳ್ಳುತ್ತೇನೆ. ಆದರೂ ಬೆರಳಿನ ಉಗುರಿನಷ್ಟು ಗಾಯವನ್ನು ಹತ್ತು ಕೆಜಿ ಅಕ್ಕಿ ಚೀಲ ಹಗಲೂ ರಾತ್ರಿ ಅಗಲಿಸುತ್ತಿದೆ ಅಂದರೆ ಎದೆ ಧಸಕ್ ಅನ್ನುತ್ತದೆ ಅಲ್ವಾ? ಗಾಳಿ ಗಟ್ಟಿ ಹಾಕಬೇಡಿ ಅಂತ ಅಜ್ಜ ಹೇಳಿದ್ದು ಇದಕ್ಕೇ. ಗಾಳಿ ಕಾಲು ಭಾಗ ಇಳಿಸಿದರೆ ಎಳೆತವೂ ಕಾಲು ಭಾಗ ಇಳಿಯುತ್ತದೆ. ಆದರೆ ಟೈರು ಜಾಸ್ತಿ ಬಗ್ಗುತ್ತದೆ. ಅದರ ಫಲ ಆಮೇಲೆ ಕಾಣಿಸಿತು.

ಬಿಸಿಲಿಗೆ ಟೈರು ಒಡೆಯುತ್ತದೆ ಅನ್ನುವ ಮಾತನ್ನೂ ಅದೇ ಪುಟದಲ್ಲಿ ಪರೀಕ್ಷೆ ಮಾಡಿದೆ. ಬೆಳಿಗ್ಗೆ 25 ಡಿಗ್ರಿಯಲ್ಲಿ 50 ಪಿಎಸ್‌ಐ ಹಾಕಿದ ಗಾಳಿ, ಮಧ್ಯಾಹ್ನ 45 ಡಿಗ್ರಿಗೆ ಕಾದರೆ ಸುಮಾರು 54 ಆಗುತ್ತದೆ. ಅಷ್ಟೇ. ನಾಲ್ಕು ಪಿಎಸ್‌ಐಗೆ ಗಟ್ಟಿ ಟೈರು ಒಡೆಯುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಸೈಕಲ್ ಢಂ ಅಂದರೆ ಅದರ ನೂಲು ಮೊದಲೇ ಎಲ್ಲೋ ಸೋತಿತ್ತು ಅಂತ ಅರ್ಥ. ನಮ್ಮ ಮಾಲೀಕರು ಇದನ್ನು ಈಗಲೂ ಒಪ್ಪುವುದಿಲ್ಲ.

ಹತ್ತೊಂಬತ್ತು ದಿನ

ಲೆಕ್ಕವೆಲ್ಲ ಹೊಸ ಟೈರಿನ ಕಡೆ ಬೆರಳು ತೋರಿಸುತ್ತಿತ್ತು. ಆದರೂ ಶನಿವಾರ ಹೋಗಲಿಲ್ಲ. ಯಾಕೆ ಅಂದರೆ ಸೈಕಲ್ ಚೆನ್ನಾಗಿಯೇ ಓಡುತ್ತಿತ್ತು. ಓಡುವ ಸೈಕಲ್ಲಿಗೆ ಯಾರು ದುಡ್ಡು ಹಾಕುತ್ತಾರೆ? 80 ಕೊಟ್ಟಾಗಿದೆ, ಅಷ್ಟಾದರೂ ವಸೂಲಾಗಲಿ ಅನ್ನುವ ಜಿಪುಣತನವೂ ಇತ್ತು. ಕೊಟ್ಟು ಮುಗಿದ ದುಡ್ಡು ಮುಂದಿನ ತೀರ್ಮಾನಕ್ಕೆ ಬರಬಾರದು ಅಂತ ಮಾಲೀಕರಿಗೆ ಎಷ್ಟೋ ಸಲ ಹೇಳಿದವನು ನಾನೇ.

ಮೊದಲ ಭಾನುವಾರ ಮಗಳನ್ನು ಕೂರಿಸಿಕೊಳ್ಳಲಿಲ್ಲ. ಎರಡನೆಯದಕ್ಕೆ ಮಳೆ. ಮೂರನೆಯ ಭಾನುವಾರ ಅವಳ ಮುಖ ನೋಡಲಾಗದೆ ಹೊರಟೆ. ಹೋಗುವಾಗ ಏನೂ ಆಗಲಿಲ್ಲ. ಕೆರೆ ಏರಿಯ ಮೇಲೆ ಒಂದು ಸುತ್ತು ನಡೆದು, ವಾಪಸ್ ಬರುವಾಗ ಶುರುವಾಯಿತು. ಟಪ್. ಟಪ್. ಟಪ್. ಒಂದು ಸುತ್ತಿಗೆ ಒಂದು ಸಲ. ನನಗಿಂತ ಮೊದಲು ಗೊತ್ತಾಗಿದ್ದು ಅವಳಿಗೆ.

"ಅಪ್ಪಾ, ಸೈಕಲ್ ಬಿಕ್ಕಳಿಸ್ತಾ ಇದೆ."

ಇಳಿದು ನೋಡಿದೆ. ಪಕ್ಕೆಯಲ್ಲಿ ಅಡಿಕೆ ಗಾತ್ರದ ಗುಳ್ಳೆ. ಗೇಟರ್ ಸಮೇತ ಉಬ್ಬಿತ್ತು. ಹಿಂದೆ ಬಸ್ಸೊಂದು ಹಾರ್ನ್ ಹೊಡೆದು ದಾಟಿ ಹೋಯಿತು. ನಾನೊಬ್ಬನೇ ಇದ್ದಾಗ ಹಿಂದಿನ ಚಕ್ರದ ಮೇಲೆ ಬೀಳುವ ಭಾರ ಸುಮಾರು 53 ಕೆಜಿ. ನನ್ನದು 68, ಸೈಕಲ್ಲಿನದು 20, ಅದರಲ್ಲಿ ಹಿಂದಕ್ಕೆ ನೂರಕ್ಕೆ ಅರವತ್ತು ಅಂತ ಹಿಡಿದಿದ್ದೇನೆ. ಕ್ಯಾರಿಯರ್ ಮೇಲೆ ಕೂತ ಮಗಳ ಭಾರ ಪೂರ್ತಿ ಹಿಂದಕ್ಕೇ. 53 ಇದ್ದದ್ದು 77. ಇದನ್ನು ಲೆಡ್ಜರಿನಲ್ಲಿ ಬರೆದಿರಲಿಲ್ಲ. ಬರೆಯಬೇಕು ಅಂತ ಹೊಳೆದಿರಲೂ ಇಲ್ಲ.

ಅರ್ಧ ಗಾಳಿ ಬಿಟ್ಟು, ಇಬ್ಬರೂ ಮನೆಯವರೆಗೆ ನಡೆದೆವು. ಅವಳು ದಾರಿಯುದ್ದಕ್ಕೂ ಬಿಕ್ಕಳಿಕೆಯ ನಕಲು ಮಾಡುತ್ತಾ ಬಂದಳು. ನಾನು ನಗಲಿಲ್ಲ.

ಸೋಮವಾರ ಅಜ್ಜ ಟೈರು ಬಿಚ್ಚಿದರು. ಒಳಗೆ ಕಂಡದ್ದು ಇದು. ಗೇಟರಿನ ಒಂದು ಅಂಚು ಎದ್ದಿತ್ತು. 14 ಮಿಲಿಮೀಟರ್ ಇದ್ದ ಸೀಳು 19 ಆಗಿತ್ತು. ಎರಡೂ ತುದಿಯ ಪಕ್ಕದ ಎಳೆಗಳು ಹಿಂಜಿದ ಹತ್ತಿಯ ಹಾಗೆ ಬಿಚ್ಚಿಕೊಂಡಿದ್ದವು. ಟ್ಯೂಬಿನ ಮೇಲೆ ಗೇಟರಿನ ಅಂಚು ಉಜ್ಜಿದ ಕಡೆ ಹೊಳಪಿನ ಗೆರೆ. ಇನ್ನೊಂದು ವಾರಕ್ಕೆ ಅಲ್ಲಿ ತೂತು ಖಾತ್ರಿ.

ಅಜ್ಜನ ಕೆಲಸದಲ್ಲಿ ದೋಷ ಇರಲಿಲ್ಲ. ಈ ಚಕ್ರ ಒಂದು ಸುತ್ತು ಬಂದರೆ ಎರಡೂಕಾಲು ಮೀಟರ್. ಹದಿನೈದು ದಿನದ ಓಡಾಟ ಮತ್ತು ಆ ಭಾನುವಾರ ಸೇರಿ ಸುಮಾರು 126 ಕಿಲೋಮೀಟರ್. ಭಾಗಿಸಿದರೆ 56,000 ಸುತ್ತು. ಅಷ್ಟು ಸಲ ಆ ಜಾಗ ನೆಲದ ಹತ್ತಿರ ಬಂದು ಬಗ್ಗಿದೆ, ನೆಟ್ಟಗಾಗಿದೆ. ಗಾಳಿ ಕಮ್ಮಿ ಇದ್ದದ್ದರಿಂದ ಇನ್ನಷ್ಟು ಬಗ್ಗಿದೆ. ಅಂಟು ಅದನ್ನು ಎಷ್ಟು ದಿನ ತಾಳೀತು? ಎರಡು ದಿನಕ್ಕೆ ಅಂತ ಹಾಕಿದ ಗೇಟರ್ ಹದಿನೆಂಟು ದಿನ ನಡೆಸಿತು. 80ರಲ್ಲಿ ದಿನಕ್ಕೆ ನಾಲ್ಕೂವರೆ ರೂಪಾಯಿಯಂತೆ ಬಾಡಿಗೆ ಕಟ್ಟಿದ ಹಾಗಾಯಿತು. ಹೊಸ ಟೈರಿಗೆ ದಿನಕ್ಕೆ ಮೂವತ್ತೈದು ಪೈಸೆ ಬೀಳುತ್ತದೆ.

ಹೊಸದು ಮುಂದಕ್ಕೋ, ಹಿಂದಕ್ಕೋ

635ರ ಟೈರು ಬಂದಿತ್ತು. ಸಂಖ್ಯೆಯನ್ನು ನಾನೇ ಓದಿ ನೋಡಿದೆ. ಬೆಲೆ ಈಗ 410. ಟ್ಯೂಬಿನ ಹೊಳಪಿನ ಗೆರೆ ನೋಡಿ ಅದನ್ನೂ ಬದಲಿಸಿದೆ, 150.

ಇಲ್ಲಿ ಅಜ್ಜನಿಗೂ ನನಗೂ ಚಿಕ್ಕ ವಾದ ಆಯಿತು. ಹೊಸ ಟೈರು ಹಿಂದಕ್ಕೆ ಹಾಕಿ ಅಂದೆ. ಭಾರ ಹಿಂದೆ, ಮಗಳು ಹಿಂದೆ, ಸವೆಯುವುದೂ ಹಿಂದಿನದೇ ಬೇಗ. ಅಜ್ಜ ಬೇಡ ಅಂದರು. ಮುಂದಿನ ಟೈರು ಅರ್ಧದಷ್ಟೂ ಸವೆದಿಲ್ಲ, ನೂಲು ಗಟ್ಟಿ ಇದೆ, ಅದನ್ನು ಹಿಂದಕ್ಕೆ ಹಾಕೋಣ, ಹೊಸದನ್ನು ಮುಂದಕ್ಕೆ ಹಾಕೋಣ ಅನ್ನುವುದು ಅವರ ಮಾತು.

"ಹಿಂದಿನ ಟೈರು ಒಡದ್ರೆ ಸೈಕಲ್ ಎಳದಾಡ್ತೈತಿ, ಕಾಲು ಊರಬೋದು. ಮುಂದಿನದು ಹೋದ್ರೆ ಹ್ಯಾಂಡಲ್ ನಿಮ್ಮ ಮಾತು ಕೇಳಂಗಿಲ್ಲ."

ಅವರ ಮಾತು ಸರಿಯಾಗಿತ್ತು. ನನ್ನ ಲೆಕ್ಕದಲ್ಲಿ ಟೈರು ಎಷ್ಟು ದಿನ ಬರುತ್ತದೆ ಅನ್ನುವುದಷ್ಟೇ ಇತ್ತು. ಅವರ ಲೆಕ್ಕದಲ್ಲಿ ಟೈರು ಹೋದ ದಿನ ಏನಾಗುತ್ತದೆ ಅನ್ನುವುದೂ ಇತ್ತು. ಮುಂದಿನ ಟೈರನ್ನೂ ಒಳಗೆ ಹೊರಗೆ ಮಾಡಿ ಬಿಸಿಲಿಗೆ ಹಿಡಿದು ನೋಡಿದೆವು. ಎರಡು ಮುಳ್ಳಿನ ತೂತು, ಒಂದೂ ಸೀಳಿಲ್ಲ. ಒಂದು ಜಾಲಿ ಮುಳ್ಳಿನ ತುದಿ ಇನ್ನೂ ಒಳಗೇ ಇತ್ತು, ಇಕ್ಕಳದಲ್ಲಿ ಕಿತ್ತರು. ಎರಡು ಚಕ್ರ ಬಿಚ್ಚಿ ಹಾಕಿದ್ದಕ್ಕೆ ಕೂಲಿ 60.

ಹಳೆಯ ಟೈರನ್ನು ಅಜ್ಜನಿಗೇ ಬಿಟ್ಟೆ. ಬಿಸಾಡುತ್ತಾರೆ ಅಂದುಕೊಂಡಿದ್ದೆ. ಅವರು ಅದನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡು, ಸೀಳಿನ ಜಾಗ ಬಿಟ್ಟು ಉಳಿದ ಭಾಗದಿಂದ ಅಂಗೈ ಅಗಲದ ತುಂಡುಗಳನ್ನು ಕತ್ತರಿಸತೊಡಗಿದರು. ಹನ್ನೊಂದು ಗೇಟರ್ ಆಯಿತು. ಹತ್ತನ್ನು ಗೋಡೆಯ ಮೊಳೆಗೆ ಸಿಕ್ಕಿಸಿದರು. ಹನ್ನೊಂದನೆಯದರ ಅಂಚನ್ನು ಹೆರೆದು ನನ್ನ ಕೈಗಿಟ್ಟರು. ಸೀಟಿನ ಕೆಳಗಿನ ಚೀಲದಲ್ಲಿ ಅದೂ ಯೂರಿಯಾ ಚೀಲದ ತುಂಡೂ ಒಟ್ಟಿಗೆ ಇವೆ.